ಡಿವೋರ್ಸ್ ಆಯ್ತು, ಕಾಗದ ಎಲ್ಲಿದೆ?

ಯಾರೇ ಫೋನ್ ಮಾಡಿ "ನನ್ನ ಡಿವೋರ್ಸ್ ಕಾಗದ ಬೇಕು" ಅಂದರೂ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ಯಾವ ಕೌಂಟಿ? ಕೌಂಟಿ ಅಂದರೆ ಅಮೆರಿಕದಲ್ಲಿ ನಮ್ಮ ಜಿಲ್ಲೆ ಇದ್ದ ಹಾಗೆ. ಹೆಚ್ಚಿನವರು ಕ್ಯಾಲಿಫೋರ್ನಿಯಾದ ಯಾವುದೋ ಊರಿನ ಹೆಸರು ಹೇಳುತ್ತಾರೆ. ಫ್ರೀಮಾಂಟ್ ಅನ್ನುತ್ತಾರೆ, ಸನಿವೇಲ್ ಅನ್ನುತ್ತಾರೆ. ಕೆಲವರು "ಬೇ ಏರಿಯಾ" ಅಂದು, ಅಂದರೆ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಇಡೀ ಪ್ರದೇಶದ ಹೆಸರು ಹೇಳಿ ಸುಮ್ಮನಾಗುತ್ತಾರೆ. ಕೋರ್ಟಿಗೆ ಊರು ಬೇಕಿಲ್ಲ, ಕೌಂಟಿ ಬೇಕು. ಹಾಸನದ ಕೋರ್ಟಿನ ಕಡತ ತುಮಕೂರಿನಲ್ಲಿ ಸಿಗುತ್ತದೆಯೇ? ಇಲ್ಲೂ ಹಾಗೆಯೇ.

ನಾನು ಕ್ಯಾಲಿಫೋರ್ನಿಯಾದಲ್ಲಿ ಕೌಟುಂಬಿಕ ಕೇಸುಗಳನ್ನು ನಡೆಸುವ ವಕೀಲರ ಕಚೇರಿಯಲ್ಲಿ ಪ್ಯಾರಾಲೀಗಲ್, ಅಂದರೆ ವಕೀಲರ ಸಹಾಯಕಿ. ಕಡತ ಹುಡುಕುವುದು, ನಕಲು ತರುವುದು ನನ್ನ ದಿನದ ಕೆಲಸ. ಈ ರಾಜ್ಯದಲ್ಲಿ 58 ಕೌಂಟಿಗಳಿವೆ. ಒಂದೊಂದಕ್ಕೂ ಒಂದು ಸುಪೀರಿಯರ್ ಕೋರ್ಟ್. ಡಿವೋರ್ಸ್ ಅರ್ಜಿ ಎಲ್ಲಿ ಹಾಕಿದ್ದರೋ ಕಡತ ಅಲ್ಲಿಯ ಕೋರ್ಟಿನಲ್ಲೇ ಇರುತ್ತದೆ. ಸನಿವೇಲ್, ಕ್ಯೂಪರ್ಟಿನೊ ಎರಡೂ ಸಾಂತಾ ಕ್ಲಾರಾ ಕೌಂಟಿ, ಹಾಗಾಗಿ ಸ್ಯಾನ್ ಹೋಸೆಗೆ ಹೋಗಬೇಕು. ಸ್ಯಾನ್ ಹೋಸೆಗೆ ಅಷ್ಟು ಹತ್ತಿರವಿರುವ ಫ್ರೀಮಾಂಟ್ ಮಾತ್ರ ಅಲಮೀಡಾ ಕೌಂಟಿ. ಡಬ್ಲಿನ್ ಮತ್ತು ಸ್ಯಾನ್ ರಮೋನ್ ಅಕ್ಕಪಕ್ಕದ ಊರುಗಳು, ಆದರೆ ಡಬ್ಲಿನ್ ಅಲಮೀಡಾಕ್ಕೆ ಸೇರಿದರೆ ಸ್ಯಾನ್ ರಮೋನ್ ಕಾಂಟ್ರಾ ಕೋಸ್ಟಾಕ್ಕೆ.

ಈಗ ಎಲ್ಲಿದ್ದೀರಿ ಅನ್ನುವುದು ಮುಖ್ಯವಲ್ಲ. ಅರ್ಜಿ ಹಾಕುವ ಮುಂಚೆ ಗಂಡ ಹೆಂಡತಿಯಲ್ಲಿ ಒಬ್ಬರಾದರೂ ರಾಜ್ಯದಲ್ಲಿ 6 ತಿಂಗಳು, ಆ ಕೌಂಟಿಯಲ್ಲಿ 3 ತಿಂಗಳು ವಾಸವಿರಬೇಕು ಅನ್ನುತ್ತದೆ ಇಲ್ಲಿಯ ಕಾನೂನು. ನಿಮ್ಮ ಗಂಡ ಮನೆ ಬಿಟ್ಟು ಬೇರೆ ಕೌಂಟಿಯಲ್ಲಿ ಬಾಡಿಗೆಗಿದ್ದು ಅಲ್ಲಿಂದಲೇ ಅರ್ಜಿ ಹಾಕಿದ್ದರೆ ಕಡತವೂ ಅಲ್ಲೇ.

ಇನ್ನೊಂದು ತಪ್ಪು ತುಂಬಾ ಜನ ಮಾಡುತ್ತಾರೆ. ಮದುವೆಯ ಸರ್ಟಿಫಿಕೇಟ್ ಕೊಟ್ಟ ಕೌಂಟಿ ಕ್ಲರ್ಕ್ ಕಚೇರಿಯಲ್ಲೇ ಡಿವೋರ್ಸ್ ಕಾಗದವೂ ಸಿಗುತ್ತದೆ ಅಂದುಕೊಂಡು ಅಲ್ಲಿ ಸಾಲು ನಿಲ್ಲುತ್ತಾರೆ. ಸಿಗುವುದಿಲ್ಲ. ಡಿವೋರ್ಸ್ ಕೊಡುವುದು ಕೋರ್ಟ್, ಅದರ ನಕಲು ಕೊಡುವವರು ಕೋರ್ಟಿನ ಕ್ಲರ್ಕ್. ರಾಜಧಾನಿ ಸ್ಯಾಕ್ರಮೆಂಟೊದಲ್ಲಿರುವ ರಾಜ್ಯದ ಆರೋಗ್ಯ ಇಲಾಖೆಗೆ ಬರೆಯುವವರೂ ಇದ್ದಾರೆ. ಅವರ ಹತ್ತಿರ 1962ರಿಂದ 1984ರ ಜೂನ್‌ವರೆಗಿನ ಡಿವೋರ್ಸ್ ವಿವರ ಮಾತ್ರ ಇದೆ. ಅದರಲ್ಲೂ ಹೆಸರು, ಅರ್ಜಿ ಹಾಕಿದ ದಿನ, ಕೌಂಟಿ, ಕೇಸ್ ನಂಬರ್ ಬಿಟ್ಟರೆ ಬೇರೇನೂ ಇರುವುದಿಲ್ಲ.

ಇನ್ನು ಹೆಸರಿನ ವಿಷಯ. ನಮ್ಮವರ ಕಡತ ಸಿಗದೆ ಒದ್ದಾಡುವುದು ಜಾಸ್ತಿ ಇಲ್ಲೇ. ಕೇಸ್ ನಂಬರ್ ಇದ್ದರೆ ಕೌಂಟರಿನಲ್ಲಿ ಐದು ನಿಮಿಷದ ಕೆಲಸ. ಇಲ್ಲದಿದ್ದರೆ ಹೆಸರು ಹಾಕಿ ಹುಡುಕಬೇಕು, ಕೋರ್ಟಿನ ಸೂಚಿ ಸರ್‌ನೇಮ್ ಮೇಲೆ ನಡೆಯುತ್ತದೆ. ನಮ್ಮಲ್ಲಿ ಎಷ್ಟು ಜನಕ್ಕೆ ಸರ್‌ನೇಮ್ ಇದೆ? ಹೆಸರಿನ ಮುಂದೆ ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟಿದ್ದರೆ ವೀಸಾದಲ್ಲಿ ನಿಮ್ಮ ಹೆಸರೇ ಸರ್‌ನೇಮ್ ಆಗಿ, ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು" ಅಂತ ಬರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಅದೇ ಹೆಸರು ಬ್ಯಾಂಕಿಗೆ, ಲೈಸೆನ್ಸಿಗೆ, ಕೊನೆಗೆ ಕೋರ್ಟಿಗೂ ಹೋಗುತ್ತದೆ.

ಕಳೆದ ವರ್ಷ ಹಾಸನದ ಕಡೆಯ ತಾಯಿಯೊಬ್ಬರು ಫೋನ್ ಮಾಡಿದರು. "ನೋಡಮ್ಮ, ಮಗಳಿಗೆ ಇನ್ನೊಂದು ಸಂಬಂಧ ಕೂಡಿ ಬಂದಿದೆ. ಕೋರ್ಟಿನಲ್ಲಿ ನಿಮ್ಮ ಹೆಸರೇ ಇಲ್ಲ ಅಂತಿದಾರಂತೆ" ಅಂದರು. ಗಾಬರಿ ಆಗದೆ ಇರುತ್ತದಾ? ಮಗಳ ಜೊತೆ ಕೂತು ಹುಡುಕಿದೆ. ಅವಳ ಹೆಸರನ್ನೇ ಸರ್‌ನೇಮ್ ಮಾಡಿ ಹಾಕಿದೆ, ಬರಲಿಲ್ಲ. ಅಪ್ಪನ ಹೆಸರು ಹಾಕಿದೆ, ಬರಲಿಲ್ಲ. ಊರಿನ ಹೆಸರಿಗೂ ಬರಲಿಲ್ಲ. ಕೊನೆಗೆ ಮಾಜಿ ಗಂಡನ ಹೆಸರು ಹಾಕಿದೆ. ಒಂದೇ ಸಲಕ್ಕೆ ಬಂತು. ಅರ್ಜಿ ಹಾಕಿದ್ದು ಅವನು, ಅವಳ ಹೆಸರಿನ ಪಕ್ಕ ತನ್ನ ಹೆಸರನ್ನೇ ಸರ್‌ನೇಮ್ ಮಾಡಿ ಬರೆಸಿದ್ದ. ಅವಳು ಯಾವತ್ತೂ ಇಟ್ಟುಕೊಳ್ಳದ ಹೆಸರು ಅದು. ಪರದೆ ನೋಡುತ್ತಾ ಅವಳು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಅಂದಿನಿಂದ ನಾನು ಎರಡೂ ಕಡೆಯವರ ಹೆಸರನ್ನು, ಇರುವ ಎಲ್ಲಾ ರೂಪಗಳಲ್ಲಿ ಬರೆದುಕೊಂಡೇ ಹುಡುಕುತ್ತೇನೆ. ಅದಕ್ಕೂ ಮೊದಲು ಮನೆಯ ಹಳೆ ಲಕೋಟೆಗಳನ್ನು ಒಮ್ಮೆ ನೋಡಿ. ತೀರ್ಪು ದಾಖಲಾದ ಮೇಲೆ ಕೋರ್ಟು ಎಫ್‌ಎಲ್-190 ಅನ್ನುವ ನೋಟಿಸನ್ನು ಇಬ್ಬರಿಗೂ ಅಂಚೆಯಲ್ಲಿ ಕಳಿಸುತ್ತದೆ. ಅದರ ಮೇಲೆ ಕೇಸ್ ನಂಬರ್ ಇರುತ್ತದೆ. ಹಳೆ ವಕೀಲರ ಇಮೇಲ್‌ನಲ್ಲೂ ಸಿಗಬಹುದು. ಕೌಂಟರಿನಲ್ಲಿ ಕ್ಲರ್ಕೇ ಹುಡುಕಬೇಕಾಗಿ 10 ನಿಮಿಷ ಮೀರಿದರೆ 15 ಡಾಲರ್ ಶುಲ್ಕ.

ಕಡತ ಸಿಕ್ಕಿತು ಅನ್ನೋಣ. ಯಾವ ಹಾಳೆ ಕೇಳಬೇಕು? ಎಫ್‌ಎಲ್-180. ಇದೇ ತೀರ್ಪು. ಅದರ ಮೊದಲ ಪುಟದಲ್ಲಿ ಮದುವೆಯ ಸಂಬಂಧ ಕೊನೆಯಾಗುವ ದಿನಾಂಕ ಬರೆಯುವ ಜಾಗ ಇದೆ. ನಕಲು ಕೈಗೆ ಬಂದ ಕೂಡಲೇ ಕೌಂಟರ್ ಬಿಡುವ ಮುಂಚೆ ಆ ದಿನಾಂಕ ನೋಡಿಕೊಳ್ಳಿ. ಜಡ್ಜ್ ಸಹಿ ಹಾಕಿದ ದಿನವೇ ಡಿವೋರ್ಸ್ ಆಯಿತು ಅಂದುಕೊಳ್ಳಬೇಡಿ. ಸಮನ್ಸ್ ತಲುಪಿದ ಮೇಲೆ ಕಡಿಮೆ ಅಂದರೂ 6 ತಿಂಗಳು ಕಳೆಯಬೇಕು. ಸಹಿ ಮುಂಚೆ ಬಿದ್ದು, ದಿನಾಂಕ ಮುಂದೆ ಇರುವ ತೀರ್ಪುಗಳನ್ನು ನಾನು ಎಷ್ಟೋ ನೋಡಿದ್ದೇನೆ. ಆ ದಿನ ಬರುವ ತನಕ ಮತ್ತೆ ಮದುವೆ ಆಗುವಂತಿಲ್ಲ. ಹೊಸ ಸಂಗಾತಿಗೆ ಗ್ರೀನ್ ಕಾರ್ಡ್ ಅರ್ಜಿ ಹಾಕುವಾಗಲೂ ಹಿಂದಿನ ಮದುವೆ ಮುಗಿದಿದ್ದಕ್ಕೆ ಈ ತೀರ್ಪನ್ನೇ ಕೇಳುತ್ತಾರೆ.

ಸಾದಾ ನಕಲಿಗೆ ಪುಟಕ್ಕೆ 50 ಸೆಂಟ್. ಡಿವೋರ್ಸ್ ತೀರ್ಪಿನ ಸರ್ಟಿಫೈಡ್ ಕಾಪಿಗೆ ಪ್ರಮಾಣೀಕರಿಸುವ ಶುಲ್ಕ 15 ಡಾಲರ್. ಆಸ್ತಿ, ಮಕ್ಕಳ ವಿಷಯದ ಒಪ್ಪಂದ ಜೊತೆಗಿದ್ದರೆ ಪುಟಗಳು ಹೆಚ್ಚುತ್ತವೆ. ಆದರೂ ಪೂರ್ತಿ ತೆಗೆದುಕೊಳ್ಳಿ ಅನ್ನುತ್ತೇನೆ. ಮೊದಲ ಎರಡು ಪುಟ ಮಾತ್ರ ತಂದು ಆಮೇಲೆ ಮತ್ತೆ ಓಡಿದವರು ಬಹಳ ಜನ.

ಇದನ್ನೆಲ್ಲ ಮನೆಯಲ್ಲೇ ಕೂತು ಇಂಟರ್ನೆಟ್‌ನಲ್ಲಿ ನೋಡಬಹುದಲ್ವಾ ಅಂತ ಕೇಳುತ್ತಾರೆ. ಕೇಸಿನ ಸೂಚಿ, ಯಾವ ದಿನ ಏನು ದಾಖಲಾಯಿತು ಅನ್ನುವ ಪಟ್ಟಿ ಸಿಗಬಹುದು. ಕೌಟುಂಬಿಕ ಕೇಸಿನ ಕಾಗದಗಳನ್ನು ಮಾತ್ರ ರಾಜ್ಯದ ಕೋರ್ಟ್ ನಿಯಮವೇ ಹೊರಗಿನವರಿಗೆ ಇಂಟರ್ನೆಟ್‌ನಲ್ಲಿ ತೋರಿಸಲು ಬಿಡುವುದಿಲ್ಲ. ಕೋರ್ಟಿಗೇ ಹೋಗಿ ನೋಡಬೇಕು. ಕೆಲವು ಕೌಂಟಿಗಳಲ್ಲಿ ಕೇಸಿನ ಎರಡು ಕಡೆಯವರು ಮಾತ್ರ ಲಾಗಿನ್ ಆಗಿ ತಮ್ಮ ಕಡತ ನೋಡಬಹುದು. "ಎಲ್ಲರ ದಾಖಲೆ ಇಲ್ಲಿ ಸಿಗುತ್ತದೆ" ಅಂತ ಕಾರ್ಡ್ ನಂಬರ್ ಕೇಳುವ ಖಾಸಗಿ ವೆಬ್‌ಸೈಟುಗಳಿಗೆ ಸುಮ್ನೆ ದುಡ್ಡು ಕೊಡಬೇಡಿ. ಕೋರ್ಟಿನ ಮುದ್ರೆ ಇರುವ ಕಾಗದ ಅವರು ಕೊಡಲಾರರು.

ಭಾರತಕ್ಕೆ ವಾಪಸ್ ಹೋದವರು ಅಂಚೆಯಲ್ಲೂ ತರಿಸಬಹುದು. ಎಷ್ಟು ಪುಟ ಅಂತ ಗೊತ್ತಿಲ್ಲದಿದ್ದರೆ ಚೆಕ್ಕಿನಲ್ಲಿ ಮೊತ್ತ ಖಾಲಿ ಬಿಟ್ಟು "50 ಡಾಲರ್ ಮೀರಬಾರದು" ಅಂತ ಬರೆದು ಕಳಿಸುವ ಪದ್ಧತಿ ಇದೆ. ಡಾಲರ್ ಚೆಕ್ ಇಲ್ಲದವರು ಇಲ್ಲಿರುವ ಗೆಳತಿಗೆ ಹೇಳಿ. ಡಿವೋರ್ಸ್ ಕಡತ ಕ್ಯಾಲಿಫೋರ್ನಿಯಾದಲ್ಲಿ ಸಾರ್ವಜನಿಕ, ಯಾರು ಬೇಕಾದರೂ ಹೋಗಿ ನಕಲು ಕೇಳಬಹುದು.

ಸಾರ್ವಜನಿಕ ಅಂದ ತಕ್ಷಣ ಜನ ಬೆಚ್ಚಿ ಬೀಳುತ್ತಾರೆ. ಹೌದು, ಆದಾಯ-ಖರ್ಚಿನ ಫಾರಂ ಎಫ್‌ಎಲ್-150ರಲ್ಲಿ ನೀವು ಬರೆದ ಸಂಬಳ, ಸಾಲ ಎಲ್ಲ ಆ ಕಡತದಲ್ಲಿರುತ್ತದೆ. ತೆರಿಗೆ ರಿಟರ್ನ್‌ಗಳನ್ನು, ಮಕ್ಕಳು ಯಾರ ಬಳಿ ಇರಬೇಕು ಎಂದು ತಜ್ಞರು ಬರೆದ ವರದಿಯನ್ನು ಬೇರೆಯವರಿಗೆ ತೋರಿಸುವುದಿಲ್ಲ. ದತ್ತು ಮತ್ತು ಮಕ್ಕಳ ಕೋರ್ಟಿನ ಕಡತಗಳೂ ಮುಚ್ಚಿದವು. ಗಂಡನಿಂದ ಹೊಡೆತ ತಿಂದು ದೂರ ಬಂದವರಿಗೆ ಒಂದು ಮಾತು: ಹೊಸ ವಿಳಾಸವನ್ನು ಅರ್ಜಿಯಲ್ಲಿ ಬರೆಯುವ ಮುಂಚೆ "ಸೇಫ್ ಅಟ್ ಹೋಮ್" ಬಗ್ಗೆ ವಿಚಾರಿಸಿ. ಅದು ರಾಜ್ಯದ್ದೇ ಯೋಜನೆ, ನಿಮ್ಮ ವಿಳಾಸದ ಬದಲು ಬೇರೊಂದು ಅಂಚೆ ವಿಳಾಸ ಕೊಡುತ್ತದೆ. ದಯವಿಟ್ಟು ಇದನ್ನು ಬಿಡಬೇಡಿ.

ಬೇರೆ ರಾಜ್ಯಗಳಲ್ಲಿ ಲೆಕ್ಕ ಬೇರೆ. ನ್ಯೂಯಾರ್ಕಿನಲ್ಲಿ ಫ್ಯಾಮಿಲಿ ಕೋರ್ಟ್ ಅಂತ ಹೆಸರಿದ್ದರೂ ಅದು ಡಿವೋರ್ಸ್ ಕೊಡುವುದಿಲ್ಲ, ಸುಪ್ರೀಂ ಕೋರ್ಟ್ ಕೊಡುತ್ತದೆ. ಅಲ್ಲಿ ಆ ಹೆಸರು ಕೇಸುಗಳ ವಿಚಾರಣೆ ನಡೆಸುವ ಕೋರ್ಟಿನದು, ಎಲ್ಲಕ್ಕಿಂತ ಮೇಲಿನ ಕೋರ್ಟಿನದಲ್ಲ. ಕಡತ ಕೌಂಟಿ ಕ್ಲರ್ಕ್ ಹತ್ತಿರ ಇರುತ್ತದೆ, 100 ವರ್ಷದ ತನಕ ಇಬ್ಬರು ಕಕ್ಷಿದಾರರು ಮತ್ತು ವಕೀಲರನ್ನು ಬಿಟ್ಟು ಬೇರೆ ಯಾರಿಗೂ ಕೋರ್ಟಿನ ಆದೇಶವಿಲ್ಲದೆ ಸಿಗದು. ಟೆಕ್ಸಸ್‌ನಲ್ಲಿ ಕೌಂಟಿಯ ಡಿಸ್ಟ್ರಿಕ್ಟ್ ಕ್ಲರ್ಕನ್ನು ಕೇಳಬೇಕು. ಫ್ರಿಸ್ಕೊದಲ್ಲಿರುವವರು ತಮ್ಮ ಮನೆ ಕಾಲಿನ್ ಕೌಂಟಿಯೋ ಡೆಂಟನ್ ಕೌಂಟಿಯೋ ನೋಡಿಕೊಳ್ಳಿ, ಆ ಊರು ಎರಡರಲ್ಲೂ ಹರಡಿದೆ.

ಭಾರತದಲ್ಲಿ ಬಳಸಲು ಕಾಗದ ಬೇಕಾದರೆ ಸರ್ಟಿಫೈಡ್ ಕಾಪಿಯ ಮೇಲೆ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಿಂದ ಅಪೊಸ್ಟಿಲ್, ಅಂದರೆ ಬೇರೆ ದೇಶದಲ್ಲಿ ತೋರಿಸಲು ಕಾಗದ ಅಸಲಿ ಅನ್ನುವ ಪ್ರಮಾಣಪತ್ರ, ಹಾಕಿಸಿ, ಒಂದಕ್ಕೆ 20 ಡಾಲರ್. ಭಾರತ 2005ರಿಂದ ಅಪೊಸ್ಟಿಲ್ ಒಪ್ಪುತ್ತದೆ. ಆದರೆ ಕಾಗದ ಅಸಲಿ ಅನ್ನುವುದು ಬೇರೆ, ಆ ತೀರ್ಪನ್ನು ಅಲ್ಲಿಯ ಕೋರ್ಟು ಒಪ್ಪುವುದು ಬೇರೆ. 1991ರಲ್ಲಿ ಭಾರತದ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ವೈ. ನರಸಿಂಹ ರಾವ್ ಕೇಸಿನಲ್ಲಿ ಮದುವೆ ಆಗಿದ್ದು ತಿರುಪತಿಯಲ್ಲಿ, ಗಂಡ ಡಿವೋರ್ಸ್ ತಂದಿದ್ದು ಮಿಸೌರಿಯ ಸೇಂಟ್ ಲೂಯಿಸ್ ಕೌಂಟಿ ಕೋರ್ಟಿನಿಂದ. ಹೆಂಡತಿ ಆ ಕೋರ್ಟಿನ ಅಧಿಕಾರವನ್ನು ಒಪ್ಪಿರಲಿಲ್ಲ, ಕೊಟ್ಟ ಕಾರಣ ಹಿಂದೂ ವಿವಾಹ ಕಾಯ್ದೆಯಲ್ಲಿ ಇರಲಿಲ್ಲ. ತೀರ್ಪನ್ನು ನಮ್ಮ ಕೋರ್ಟು ಒಪ್ಪಲಿಲ್ಲ. ಬರೀ ಫೋಟೊಕಾಪಿ ಸಾಲದು ಅನ್ನುವ ಮಾತೂ ಅದೇ ಕೇಸಿನಲ್ಲಿ ಬಂತು. ಇಬ್ಬರೂ ಹಾಜರಾಗಿ ಒಪ್ಪಿ ಪಡೆದ ತೀರ್ಪಿನ ಕಥೆ ಬೇರೆ ಆಗಬಹುದು. ಹಾಗಾಗಿ ಮದುವೆ ಊರಿನಲ್ಲಿ ಆಗಿದ್ದರೆ ಅಲ್ಲಿಯ ವಕೀಲರಿಗೆ ಪೂರ್ತಿ ತೀರ್ಪು ತೋರಿಸಿಯೇ ಮುಂದಿನ ಹೆಜ್ಜೆ ಇಡಿ.

ಇನ್ನೊಂದೇ ವಿಷಯ. ಧಾರವಾಡದವರೊಬ್ಬರು ಸರ್ಟಿಫೈಡ್ ಕಾಪಿ ಮನೆಗೆ ತಂದು, ಸ್ಕ್ಯಾನ್ ಮಾಡಲು ಸ್ಟೇಪಲ್ ಪಿನ್ ಕಿತ್ತು, ಆಮೇಲೆ ನೀಟಾಗಿ ಮತ್ತೆ ಹೊಡೆದಿದ್ದರು. ಮೂಲೆಯಲ್ಲಿ ಎರಡು ಜೊತೆ ತೂತು ಕಾಣುತ್ತಿತ್ತು. ನಡುವೆ ಹಾಳೆ ಬದಲಾಗಿಲ್ಲ ಅಂತ ಯಾರು ಹೇಳುತ್ತಾರೆ? ಅವರು ಮತ್ತೆ ದುಡ್ಡು ಕಟ್ಟಿ ಹೊಸ ಕಾಪಿ ತರಬೇಕಾಯಿತು. ಪಿನ್ ಇದ್ದ ಹಾಗೇ ಇರಲಿ, ಒಂದೊಂದೇ ಹಾಳೆ ಮಗುಚಿ ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ.