ಹಳಿ ಕಳೆದುಕೊಂಡ ಉಗಿ ಎಂಜಿನ್‌ಗಳು

ಹುಬ್ಬಳ್ಳಿಗೆ ರೈಲು ಬಂದದ್ದರ ಹಿಂದೆ ಒಂದು ಬರಗಾಲವಿದೆ. 1876–78ರ ಬರ ಬಳ್ಳಾರಿ, ವಿಜಯಪುರ, ಧಾರವಾಡ ಸೀಮೆಯನ್ನು ಹಿಂಡಿ ಹಾಕಿದಾಗ, ಕಾಳುಕಡಿ ಇದ್ದ ಊರಿನಿಂದ ಇಲ್ಲದ ಊರಿಗೆ ಬೇಗ ಸಾಗಿಸಲು ದಾರಿಯೇ ಇರಲಿಲ್ಲ. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಗದಗದಿಂದ ವಿಜಯಪುರದ ಮೇಲೆ ಸೊಲ್ಲಾಪುರದ ಹತ್ತಿರದ ಹೊಟಗಿಗೆ, ಪಶ್ಚಿಮದಲ್ಲಿ ಮರ್ಮಗೋವಾ ಬಂದರಿನತ್ತ, ದಕ್ಷಿಣದಲ್ಲಿ ಹಾವೇರಿ ದಾಟಿ ಹರಿಹರಕ್ಕೆ ಹಳಿಗಳು ಹರಡಿದವು. ಈ ಹಳಿಗಳ ಮೇಲೆ ಓಡುವ ಎಂಜಿನ್‌ಗಳ ಆರೈಕೆಗೆಂದು 1885ರಲ್ಲಿ ಹುಬ್ಬಳ್ಳಿಯಲ್ಲಿ ಕಾರ್ಯಾಗಾರ ತೆರೆಯಿತು. ಹತ್ತಿಯ ಅಂಡಿಗೆಗಳಿಗೆ ಹೆಸರಾಗಿದ್ದ ಪೇಟೆ ರೈಲ್ವೆ ಕಾರ್ಮಿಕರ ಊರೂ ಆದದ್ದು ಹೀಗೆ.

ಆಮೇಲೆ ಆಡಳಿತ ಕೈಯಿಂದ ಕೈಗೆ ಹೋಯಿತು. 1908ರಲ್ಲಿ ಮದ್ರಾಸ್ ಅಂಡ್ ಸದರ್ನ್ ಮರಾಠಾ, 1951ರಲ್ಲಿ ದಕ್ಷಿಣ ರೈಲ್ವೆ, 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆ, 2003ರಲ್ಲಿ ಹುಬ್ಬಳ್ಳಿಯೇ ಕೇಂದ್ರವಾದ ನೈಋತ್ಯ ರೈಲ್ವೆ. ಹಳಿಯ ಅಗಲ ಮಾತ್ರ ನೂರು ವರ್ಷ ಬದಲಾಗಲಿಲ್ಲ. ಅದು ಒಂದೇ ಮೀಟರ್.

ಸ್ವಾತಂತ್ರ್ಯದ ನಂತರ ಈ ಅಗಲಕ್ಕೆಂದೇ ಎರಡು ಬಗೆಯ ಎಂಜಿನ್‌ಗಳು ಬಂದವು. ಪ್ರಯಾಣಿಕರ ಗಾಡಿಗೆ ವೈಪಿ, ಸರಕಿನ ಗಾಡಿಗೆ ವೈಜಿ. 1949ರಿಂದ ಎರಡು ದಶಕ ದೇಶಕ್ಕೆಲ್ಲ ಸೇರಿ 871 ವೈಪಿಗಳು ತಯಾರಾದವು. ವೈಜಿಗಳ ಸಂಖ್ಯೆ ಸಾವಿರ ದಾಟಿತು. ಮೊದಲಿನವು ವಿದೇಶದಿಂದ ಬಂದರೆ, ಬಹುಪಾಲು ಜಮ್ಶೆಡ್‌ಪುರದ ಟಾಟಾ ಕಾರ್ಖಾನೆ ಟೆಲ್ಕೊದಲ್ಲಿ ಸಿದ್ಧವಾದವು. ಈ ದೊಡ್ಡ ಸಂಖ್ಯೆಯೇ ಅವುಗಳಿಗೆ ಮುಳುವಾಯಿತು ಎಂಬುದು ನನ್ನ ಅಭಿಪ್ರಾಯ. 1977ರಲ್ಲಿ ದೆಹಲಿಯಲ್ಲಿ, 1979ರಲ್ಲಿ ಮೈಸೂರಿನಲ್ಲಿ ರೈಲು ವಸ್ತುಸಂಗ್ರಹಾಲಯಗಳು ತೆರೆದಾಗ ಅರಮನೆಯ ಬೋಗಿಗೆ, ಅಪರೂಪದ ಎಂಜಿನ್‌ಗೆ ಜಾಗ ಸಿಕ್ಕಿತು. ಬ್ಯಾಡಗಿಯ ಮೆಣಸಿನಕಾಯಿ ಚೀಲಗಳನ್ನು, ಸಂತೆಗೆ ಹೊರಟ ಜನರನ್ನು ಹೊತ್ತು ಓಡಾಡಿದ ಸಾಮಾನ್ಯ ಎಂಜಿನ್ ಉಳಿಸಿಕೊಳ್ಳಬೇಕಾದ ವಸ್ತು ಎಂದು ಆಗ ಯಾರಿಗೂ ಅನ್ನಿಸಲಿಲ್ಲ.

ಡೀಸೆಲ್ ಬಂದು ಉಗಿಯನ್ನು ಬದಿಗೆ ಸರಿಸುತ್ತಿತ್ತು, ನಿಜ. ಆದರೆ ಕೊನೆಯ ಪೆಟ್ಟು ಕೊಟ್ಟದ್ದು 1992ರಲ್ಲಿ ಶುರುವಾದ ಏಕರೂಪ ಗೇಜ್ ಯೋಜನೆ, ಅಂದರೆ ದೇಶದ ಬಹುತೇಕ ಹಳಿಗಳನ್ನು ಒಂದೇ ಅಗಲಕ್ಕೆ ತರುವ ಯೋಜನೆ. ಹುಬ್ಬಳ್ಳಿಯ ಸುತ್ತಲಿನ ಮುಖ್ಯ ಮಾರ್ಗಗಳು ಆ ದಶಕದಲ್ಲೇ ಬ್ರಾಡ್‌ಗೇಜ್ ಆದವು. ಗದಗ–ಹೊಟಗಿ ಮಾರ್ಗದ ಕೆಲಸ ಮುಂದಿನ ದಶಕದವರೆಗೂ ಎಳೆಯಿತು. ಬ್ರಾಡ್‌ಗೇಜ್ ಹಳಿಯ ಅಗಲ 1,676 ಮಿಲಿಮೀಟರ್. ಅದರ ಮೇಲೆ ಮೀಟರ್‌ಗೇಜ್ ಎಂಜಿನ್ ಒಂದು ಅಡಿಯೂ ಉರುಳಲಾರದು. ಕಲ್ಲಿದ್ದಲು, ನೀರು ಹೊರುವ ಹಿಂದಿನ ಬಂಡಿ (ಟೆಂಡರ್) ಸೇರಿ ನೂರು ಟನ್ನಿನ ಹತ್ತಿರ ತೂಗುವ ಯಂತ್ರವನ್ನು ಕ್ರೇನ್ ತಂದು ಎತ್ತಿ, ಲಾರಿಯಲ್ಲಿ ಸಾಗಿಸಬೇಕು. ಅದಕ್ಕಿಂತ ನಿಂತಲ್ಲೇ ಗ್ಯಾಸ್ ಕಟರ್ ಹಿಡಿದು ಕತ್ತರಿಸಿ ಗುಜರಿಗೆ ಹಾಕುವುದು ಅಗ್ಗ. ದೇಶದುದ್ದಕ್ಕೂ ಮೀಟರ್‌ಗೇಜ್ ಎಂಜಿನ್‌ಗಳ ಗತಿ ಬಹುಮಟ್ಟಿಗೆ ಇದೇ ಆಯಿತು.

ಕಟ್ಟೆ ಕಟ್ಟಿ ಪ್ರದರ್ಶನಕ್ಕೆ ನಿಲ್ಲಿಸಿದವು ಬದುಕಿಕೊಂಡವು ಎನ್ನೋಣವೆಂದರೆ, ಹತ್ತಿರ ಹೋಗಿ ನೋಡಬೇಕು. ಹೊರಗೆ ಮಿರಿಮಿರಿ ಮಿಂಚುವ ಕಪ್ಪು ಬಣ್ಣ. ಎಂಜಿನ್ನಿನ ಮೂತಿಯಲ್ಲಿರುವ ಹೊಗೆಪೆಟ್ಟಿಗೆಯ ತಳದಲ್ಲಿ ತೆಗೆಯದೆ ಬಿಟ್ಟ ಕಲ್ಲಿದ್ದಲ ಬೂದಿ. ಹೊಗೆಗೊಳವೆಗೆ ಮುಚ್ಚಳವಿಲ್ಲದಿದ್ದರೆ ಮಳೆ ನೀರು ನೇರ ಅಲ್ಲಿಗೇ ಇಳಿಯುತ್ತದೆ. ಬೂದಿಯಲ್ಲಿನ ಗಂಧಕ ನೀರಿನೊಡನೆ ಸೇರಿ ಆಮ್ಲವಾಗಿ ಉಕ್ಕಿನ ತಗಡನ್ನು ಒಳಗಿನಿಂದಲೇ ತಿನ್ನುತ್ತದೆ. ಚಕ್ರಗಳನ್ನು ಜೋಡಿಸುವ ಸರಳುಗಳಿಗೆ ಹಿಂದೆ ಎಣ್ಣೆ ಹಚ್ಚಿ ಹೊಳಪು ಕೊಡುತ್ತಿದ್ದರು. ಈಗ ಎಣ್ಣೆ ಬಿಡುವ ರಂಧ್ರವೂ ಮುಚ್ಚುವಂತೆ ಬೆಳ್ಳಿ ಬಣ್ಣ ಬಳಿಯುತ್ತಾರೆ. ವರ್ಷಕ್ಕೊಂದು ಸಲ ಬಣ್ಣ ಹೊಡೆಯುವುದಕ್ಕಿಂತ ಒಂದು ಸಲ ತಗಡಿನ ಚಾವಣಿ ಹಾಕಿಸಿ, ಬೂದಿ ಬಳಿದು ತೆಗೆದು, ಗೊಳವೆಗೆ ಮುಚ್ಚಳ ಹಾಕಿದರೆ ಎಂಜಿನ್ ಹೆಚ್ಚು ಕಾಲ ಬಾಳುತ್ತದೆ. ಇದು ಕೋಟಿಗಟ್ಟಲೆ ಖರ್ಚಿನ ಮಾತೇನಲ್ಲ.

ಹಾಗೆಂದು ಭರವಸೆಗೆ ಕಾರಣಗಳಿಲ್ಲದಿಲ್ಲ. 2020ರಲ್ಲಿ ಹುಬ್ಬಳ್ಳಿಗೂ ರೈಲು ವಸ್ತುಸಂಗ್ರಹಾಲಯ ಬಂತು. ಬ್ರಿಟಿಷರ ಕಾಲದ ಎರಡು ಮನೆಗಳನ್ನು ಕೆಡವದೆ ದುರಸ್ತಿ ಮಾಡಿ, ಮಲಪ್ರಭಾ, ಘಟಪ್ರಭಾ ಎಂದು ಹೆಸರಿಟ್ಟು ಹಳೆಯ ವಸ್ತುಗಳನ್ನು ಅಲ್ಲಿ ಜೋಡಿಸಿದ್ದಾರೆ. ಹರಿಯಾಣದ ರೇವಾಡಿ ಷೆಡ್ಡಿನಲ್ಲಿ ಉಗಿ ಎಂಜಿನ್‌ಗಳನ್ನು ಚಾಲನೆಯ ಸ್ಥಿತಿಯಲ್ಲೇ ಇಟ್ಟುಕೊಂಡಿದ್ದಾರೆ. ತಿರುಚ್ಚಿಯ ಪೊನ್ಮಲೈ ಕಾರ್ಯಾಗಾರವಂತೂ ನೀಲಗಿರಿ ಬೆಟ್ಟದ ರೈಲಿಗಾಗಿ ಹೊಸ ಉಗಿ ಎಂಜಿನ್‌ಗಳನ್ನೇ ಕಟ್ಟಿಕೊಟ್ಟಿತು. ಅದೂ ಮೀಟರ್‌ಗೇಜ್ ಮಾರ್ಗವೇ. ಬಾಯ್ಲರ್ ಕಟ್ಟುವ ವಿದ್ಯೆ ದೇಶದಲ್ಲಿ ಸತ್ತಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಹುಬ್ಬಳ್ಳಿಯಲ್ಲಿ ಆ ವಿದ್ಯೆ ಉಳಿದಿರುವುದು ನಿವೃತ್ತರ ಕೈಯಲ್ಲಿ. ಉಗಿಯ ಕೊನೆಗಾಲದಲ್ಲಿ ಫೈರ್‌ಮನ್ ಆಗಿ, ಫಿಟ್ಟರ್ ಆಗಿ ಕೆಲಸಕ್ಕೆ ಸೇರಿದ ಅತಿ ಕಿರಿಯರಿಗೂ ಈಗ ಅರವತ್ತರ ಆಸುಪಾಸು. ಬೆಂಕಿ ಎಷ್ಟು ತೆಳುವಾಗಿ ಹರಡಬೇಕು, ಯಾವ ಸದ್ದಿಗೆ ಯಾವ ನಟ್ಟು ಬಿಗಿಯಬೇಕು ಎಂಬುದನ್ನು ಅವರಿಂದ ಕೇಳಿ ಬರೆದಿಟ್ಟುಕೊಳ್ಳುವ ಕೆಲಸವನ್ನು ವಸ್ತುಸಂಗ್ರಹಾಲಯ ಈಗಲೇ ಕೈಗೆತ್ತಿಕೊಳ್ಳಬೇಕು. ಉಳಿದಿರುವ ಎಂಜಿನ್‌ಗಳಲ್ಲಿ ಒಂದನ್ನಾದರೂ ನೂರಿನ್ನೂರು ಮೀಟರ್ ಮೀಟರ್‌ಗೇಜ್ ಹಳಿ ಹಾಕಿ, ಅವರು ಬದುಕಿರುವಾಗಲೇ ಅವರ ಕೈಯಿಂದಲೇ ಓಡಿಸುವಂತಾಗಲಿ.