ಹವ್ಯಾಸಿ ಛಾಯಾಗ್ರಾಹಕರಿಗೆ ಫೋಟೊ ತಿದ್ದುವ ತಂತ್ರಾಂಶ: ಆಯ್ಕೆ ಮತ್ತು ಬಳಕೆ

ಫೋಟೊ ತಿದ್ದುವ ತಂತ್ರಾಂಶವನ್ನು ಆರಿಸುವಾಗ ಹವ್ಯಾಸಿಗಳು ಮೊದಲು ಬೆಲೆಯನ್ನು ನೋಡುತ್ತಾರೆ, ಆಮೇಲೆ ಸೌಲಭ್ಯಗಳ ಪಟ್ಟಿಯನ್ನು. ಇವೆರಡಕ್ಕೂ ಮುಂಚೆ ಕೇಳಿಕೊಳ್ಳಬೇಕಾದದ್ದು ಇನ್ನೊಂದಿದೆ: ನಾವು ಮಾಡುವ ತಿದ್ದುಪಡಿಯನ್ನು ತಂತ್ರಾಂಶವು ಎಲ್ಲಿ ಬರೆದಿಡುತ್ತದೆ, ಮತ್ತು ಆ ತಂತ್ರಾಂಶವೇ ಇಲ್ಲವಾದರೆ ಅದರ ಗತಿಯೇನು? ಗೂಗಲ್ ಉಚಿತವಾಗಿ ಕೊಡುತ್ತಿದ್ದ ಪಿಕಾಸಾ 2016ರಲ್ಲಿ ನಿಂತುಹೋಯಿತು. ಅದು ತಿದ್ದುಪಡಿಗಳನ್ನು ಪ್ರತಿ ಫೋಲ್ಡರಿನಲ್ಲಿಯೂ ಒಂದು ಪುಟ್ಟ ಪಠ್ಯ ಕಡತದಲ್ಲಿ ಬರೆದಿಡುತ್ತಿದ್ದುದರಿಂದ, ಸೇವ್ ಮಾಡದೆ ಬಿಟ್ಟ ಚಿತ್ರಗಳನ್ನು ಬೇರೆ ತಂತ್ರಾಂಶದಲ್ಲಿ ತೆರೆದರೆ ಅವು ತಿದ್ದುವ ಮೊದಲಿದ್ದ ರೂಪದಲ್ಲಿಯೇ ಕಾಣುತ್ತವೆ. ಆಪಲ್ ತನ್ನ ಅಪರ್ಚರ್ ತಂತ್ರಾಂಶದ ಅಭಿವೃದ್ಧಿಯನ್ನು ನಿಲ್ಲಿಸುವುದಾಗಿ 2014ರಲ್ಲಿ ಪ್ರಕಟಿಸಿತು; 2019ರ ಮ್ಯಾಕ್‌ಓಎಸ್ ಕ್ಯಾಟಲೀನಾದಿಂದ ಈಚೆಗಿನ ಆವೃತ್ತಿಗಳಲ್ಲಿ ಅದು ಓಡುವುದೇ ಇಲ್ಲ. ಹಣ ಕೊಟ್ಟು ಕೊಂಡದ್ದಾಗಲಿ ಪುಕ್ಕಟೆ ಸಿಕ್ಕಿದ್ದಾಗಲಿ, ಈ ವಿಷಯದಲ್ಲಿ ಯಾವುದೂ ಶಾಶ್ವತವಲ್ಲ.

ಎರಡು ಬಗೆಯ ತಂತ್ರಾಂಶಗಳು

1990ರಲ್ಲಿ ಬಂದ ಫೋಟೊಶಾಪ್ ಮತ್ತು 1996ರಲ್ಲಿ ಮೊದಲು ಬಿಡುಗಡೆಯಾದ ಮುಕ್ತ ತಂತ್ರಾಂಶ ಗಿಂಪ್ ಮೂಲತಃ ಚಿತ್ರದ ಪಿಕ್ಸೆಲ್‌ಗಳನ್ನೇ ಬದಲಿಸುವ ಸಾಧನಗಳು. ಲೇಯರ್‌ಗಳನ್ನು (ಮೂಲದ ಮೇಲೆ ಹಾಸುವ ಪದರಗಳನ್ನು) ಬಳಸಿದರೆ ಮೂಲ ಉಳಿಯುತ್ತದೆಯಾದರೂ ಆ ಎಚ್ಚರವನ್ನು ಬಳಸುವವರೇ ವಹಿಸಬೇಕು. 2007ರ ಲೈಟ್‌ರೂಮ್, 2009ರಲ್ಲಿ ಆರಂಭವಾದ ಮುಕ್ತ ತಂತ್ರಾಂಶ ಡಾರ್ಕ್‌ಟೇಬಲ್ ಹಾಗೂ ಅದೇ ಬಗೆಯ ರಾಥೆರಪಿ ಬೇರೆ ದಾರಿ ಹಿಡಿಯುತ್ತವೆ: ಮೂಲ ಕಡತವನ್ನು ಮುಟ್ಟದೆ, ಎಕ್ಸ್‌ಪೋಷರ್ ಇಷ್ಟು ಹೆಚ್ಚಿಸು, ಇಲ್ಲಿಂದ ಇಲ್ಲಿಗೆ ಕತ್ತರಿಸು ಎಂಬಂಥ ಸೂಚನೆಗಳನ್ನಷ್ಟೇ ಬರೆದಿಟ್ಟು, ಚಿತ್ರವನ್ನು ಹೊರತೆಗೆಯುವಾಗ ಅವುಗಳನ್ನು ಅನ್ವಯಿಸುತ್ತವೆ.

ಸೂಚನೆಗಳನ್ನು ಇಡುವ ಜಾಗದಲ್ಲಿ ಇವುಗಳ ನಡುವೆಯೂ ವ್ಯತ್ಯಾಸವಿದೆ. ಲೈಟ್‌ರೂಮ್ ಕ್ಲಾಸಿಕ್ ಅವನ್ನು ಕ್ಯಾಟಲಾಗ್ ಎಂಬ ಒಂದೇ ದತ್ತಸಂಚಯದಲ್ಲಿ ಇಡುತ್ತದೆ. ಪ್ರತಿ ಚಿತ್ರದ ಪಕ್ಕದಲ್ಲಿ ಎಕ್ಸ್‌ಎಂಪಿ ಎಂಬ ಪುಟ್ಟ ಪಠ್ಯ ಕಡತವಾಗಿಯೂ ಬರೆಯುವಂತೆ ಸೆಟ್ಟಿಂಗ್ಸ್‌ನಲ್ಲಿ ಹೇಳಬಹುದು, ಹೇಳಲೇಬೇಕು ಎಂಬುದು ನನ್ನ ಸಲಹೆ. ಡಾರ್ಕ್‌ಟೇಬಲ್ ತಾನಾಗಿಯೇ ಈ ಕಡತವನ್ನು ಬರೆಯುತ್ತದೆ. ಆದರೆ ಎಕ್ಸ್‌ಎಂಪಿ ಇದ್ದಮಾತ್ರಕ್ಕೆ ಒಂದರಲ್ಲಿ ಮಾಡಿದ ಕೆಲಸ ಇನ್ನೊಂದರಲ್ಲಿ ಹಾಗೆಯೇ ಕಾಣುತ್ತದೆ ಎಂದು ತಿಳಿಯಬಾರದು. ನಕ್ಷತ್ರದ ಅಂಕ, ಶೀರ್ಷಿಕೆ, ಹುಡುಕುಪದಗಳು ದಾಟುತ್ತವೆ. ಬಣ್ಣ ಮತ್ತು ಬೆಳಕಿನ ತಿದ್ದುಪಡಿಗಳು ಬಹುಮಟ್ಟಿಗೆ ದಾಟುವುದಿಲ್ಲ, ಏಕೆಂದರೆ ಪ್ರತಿಯೊಂದು ತಂತ್ರಾಂಶದ ಲೆಕ್ಕಾಚಾರವೂ ಬೇರೆ. ಲೈಟ್‌ರೂಮ್ ಕ್ಲಾಸಿಕ್‌ನ ಚಂದಾ ಮುಗಿದರೂ ಚಿತ್ರಗಳನ್ನು ನೋಡಬಹುದು, ಹೊರತೆಗೆಯಬಹುದು. ತಿದ್ದುವ ಡೆವಲಪ್ ಮತ್ತು ನಕ್ಷೆಯ ಮ್ಯಾಪ್ ವಿಭಾಗಗಳು ಮುಚ್ಚಿಕೊಳ್ಳುತ್ತವೆ. ಒಮ್ಮೆ ಕೊಂಡು ಕಾಯಂ ಆಗಿ ಇಟ್ಟುಕೊಳ್ಳಬಹುದಾಗಿದ್ದ ಕೊನೆಯ ಆವೃತ್ತಿ 2015ರ ಲೈಟ್‌ರೂಮ್ 6.

ರಾ ಕಡತ ಏಕೆ ಬೇಕು: ಬೆಳ್ಳಕ್ಕಿಯ ಉದಾಹರಣೆ

ರಂಗನತಿಟ್ಟಿನ ಕಪ್ಪು ನೀರಿನ ಹಿನ್ನೆಲೆಯಲ್ಲಿ ಬಿಸಿಲಿಗೆ ನಿಂತ ಬೆಳ್ಳಕ್ಕಿಯನ್ನು ತೆಗೆಯುತ್ತೀರಿ ಎಂದುಕೊಳ್ಳಿ. ಕ್ಯಾಮೆರಾದ ಮೀಟರ್ ಚೌಕಟ್ಟಿನ ಬಹುಭಾಗ ಕಪ್ಪಾಗಿರುವುದನ್ನು ಕಂಡು ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ; ಪರಿಣಾಮವಾಗಿ ಹಕ್ಕಿಯ ಬೆನ್ನಿನ ಗರಿಗಳು ಗೆರೆಯೂ ಕಾಣದ ಬಿಳಿಯ ತೇಪೆಯಾಗುತ್ತವೆ. ಜೆಪೆಗ್ ಕಡತದಲ್ಲಿ ಕೆಂಪು, ಹಸಿರು, ನೀಲಿ ಪ್ರತಿಯೊಂದು ಬಣ್ಣಕ್ಕೂ 256 ಹಂತಗಳಿದ್ದು, ಎಲ್ಲವೂ 255ಕ್ಕೆ ಮುಟ್ಟಿದ ಕಡೆ ವಿವರವನ್ನು ಮರಳಿ ತರುವ ಮಾರ್ಗವಿಲ್ಲ. 14 ಬಿಟ್‌ನ ರಾ ಕಡತದಲ್ಲಿ, ಅಂದರೆ ಸೆನ್ಸರ್ ಅಳೆದದ್ದನ್ನು ಸಂಸ್ಕರಿಸದೆ ಹಾಗೆಯೇ ಇಡುವ ಕಡತದಲ್ಲಿ, ಹಂತಗಳು 16,384. ಸೆನ್ಸರ್ ಬೆಳಕನ್ನು ಸಮಪ್ರಮಾಣದಲ್ಲಿ ಅಳೆಯುವುದರಿಂದ ಅವುಗಳಲ್ಲಿ ಅರ್ಧ, ಅಂದರೆ 8,192 ಹಂತಗಳು, ಅತ್ಯಂತ ಬೆಳಗುವ ಒಂದೇ ಸ್ಟಾಪ್‌ಗೆ (ಬೆಳಕಿನ ಒಂದು ಇಮ್ಮಡಿಗೆ) ಮೀಸಲಾಗಿರುತ್ತವೆ. ಬಿಳಿ ಗರಿಯ ಸೂಕ್ಷ್ಮ ಛಾಯೆಗಳು ಇರುವುದು ಅಲ್ಲಿಯೇ.

ಹಗಲಿನ ಬೆಳಕಿನಲ್ಲಿ ಸಾಮಾನ್ಯವಾಗಿ ಮೊದಲು ತುಂಬಿ ತುಳುಕುವುದು ಹಸಿರಿನ ಮಾಹಿತಿ. ಕೆಂಪು ಮತ್ತು ನೀಲಿಯಲ್ಲಿ ಇನ್ನೂ ಉಳಿದಿರುವ ವಿವರದಿಂದ ತಂತ್ರಾಂಶವು ಹಸಿರನ್ನು ಊಹಿಸಿ ಗರಿಯನ್ನು ಮತ್ತೆ ಕಟ್ಟಿಕೊಡುತ್ತದೆ. ಈ ಊಹೆ ಸರಿಯಾಗಿ ನಡೆಯದ ಚಿತ್ರಗಳಲ್ಲಿ ಬಿಳಿ ಭಾಗಕ್ಕೆ ಗುಲಾಬಿ ಛಾಯೆ ಬರುವುದನ್ನು ಗಮನಿಸಿರಬಹುದು. ಮೂರೂ ತುಂಬಿಹೋದರೆ ರಾ ಕಡತವೂ ಕೈಚೆಲ್ಲುತ್ತದೆ. ಹಾಗಾಗಿ ಇಂಥ ಹಕ್ಕಿಗೆ ಕ್ಯಾಮೆರಾದಲ್ಲಿಯೇ ಎಕ್ಸ್‌ಪೋಷರನ್ನು ಸುಮಾರು ಒಂದು ಸ್ಟಾಪ್ ತಗ್ಗಿಸಿ ತೆಗೆಯುವುದು ಯಾವ ತಂತ್ರಾಂಶಕ್ಕಿಂತಲೂ ಹೆಚ್ಚು ಉಪಕಾರಿ.

ಮನೆಗೆ ಬಂದು ಕಡತವನ್ನು ತೆರೆದಾಗ ಮೊದಲು ಹಿಸ್ಟೋಗ್ರಾಂ, ಅಂದರೆ ಕಪ್ಪಿನಿಂದ ಬಿಳಿಯವರೆಗೆ ಯಾವ ಛಾಯೆ ಎಷ್ಟಿದೆ ಎಂದು ತೋರಿಸುವ ನಕ್ಷೆ, ನೋಡಬೇಕು. ಅದರ ಬಲತುದಿಯಲ್ಲಿ ಗೋಡೆಗೆ ಒರಗಿದಂತೆ ರಾಶಿ ಬಿದ್ದಿದ್ದರೆ ಬಿಳಿಯಲ್ಲಿ ವಿವರ ಉಳಿದಿಲ್ಲ ಎಂದರ್ಥ. ನಂತರ ಎಕ್ಸ್‌ಪೋಷರ್, ಅನಂತರ ವೈಟ್ ಬ್ಯಾಲೆನ್ಸ್: ಮರದ ನೆರಳಿನಲ್ಲಿ ಕುಳಿತ ಬೆಳ್ಳಕ್ಕಿಯ ಮೇಲೆ ಎಲೆಗಳ ಹಸಿರು ಬಿದ್ದಿರುತ್ತದೆ, ಅದನ್ನು ಟಿಂಟ್ ಸ್ಲೈಡರಿನಿಂದ ಕಳೆಯಬಹುದು, ಪೂರ್ತಿ ಕಳೆದರೆ ಹಕ್ಕಿಯನ್ನು ಸ್ಟುಡಿಯೊದಲ್ಲಿ ನಿಲ್ಲಿಸಿ ತೆಗೆದಂತೆ ಕಾಣುವುದರಿಂದ ಸ್ವಲ್ಪ ಉಳಿಸಿಕೊಳ್ಳುವುದು ಮೇಲು. ಡಾರ್ಕ್‌ಟೇಬಲ್ ಮತ್ತು ಲೈಟ್‌ರೂಮ್ ಎರಡೂ ತಿದ್ದುಪಡಿಗಳನ್ನು ತಮ್ಮದೇ ನಿಗದಿತ ಕ್ರಮದಲ್ಲಿ ಲೆಕ್ಕಹಾಕುತ್ತವೆ, ನಾವು ಯಾವುದನ್ನು ಮೊದಲು ಮುಟ್ಟಿದೆವು ಎಂಬುದು ಫಲಿತಾಂಶಕ್ಕೆ ಮುಖ್ಯವಲ್ಲ. ಬೆಳಕು ಮತ್ತು ಬಣ್ಣ ಸರಿಯಾಗುವ ಮುನ್ನ ಉಳಿದದ್ದನ್ನು ತೀರ್ಮಾನಿಸಲು ನಮ್ಮ ಕಣ್ಣಿಗೆ ಆಗುವುದಿಲ್ಲ ಎಂಬುದಷ್ಟೇ ಈ ಕ್ರಮಕ್ಕೆ ಕಾರಣ. ಡಾರ್ಕ್‌ಟೇಬಲ್ ತೆರೆದವರು ಅಲ್ಲಿನ ಮಾಡ್ಯೂಲ್‌ಗಳ ಸಂಖ್ಯೆ ಕಂಡು ಹೆದರುವುದುಂಟು. ಅವುಗಳಲ್ಲಿ ಬಹುಪಾಲನ್ನು ಆರಂಭದಲ್ಲಿ ಮುಟ್ಟುವ ಅಗತ್ಯವಿಲ್ಲ.

ಅಳಿಸುವ ಸಾಧನ ಬೇಕೇ?

ಹಿನ್ನೆಲೆಯ ಕಡ್ಡಿಯನ್ನು ಅಳಿಸುವ ಸೌಲಭ್ಯವನ್ನೇ ಮುಂದಿಟ್ಟು ತಂತ್ರಾಂಶ ಆರಿಸುವವರಿದ್ದಾರೆ. ಹಕ್ಕಿ ಮತ್ತು ವನ್ಯಜೀವಿಗಳ ಚಿತ್ರ ತೆಗೆದು ಸ್ಪರ್ಧೆಗಳಿಗೆ ಕಳಿಸುವವರು, ಬೆಂಗಳೂರಿನಲ್ಲಿ 1971ರಿಂದ ಇರುವ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂಥ ಕ್ಲಬ್‌ಗಳ ಕಾರಣದಿಂದ ಇಂಥವರು ನಮ್ಮಲ್ಲಿ ಕಡಿಮೆಯೇನಿಲ್ಲ, ಒಂದು ನಿಯಮವನ್ನು ತಿಳಿದಿರಬೇಕು. ಛಾಯಾಗ್ರಹಣದ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಯಾಪ್ ಮತ್ತು ಅಮೆರಿಕದ ಛಾಯಾಗ್ರಹಣ ಸಂಘವಾದ ಪಿಎಸ್ಎ ಒಪ್ಪಿರುವ ನಿಸರ್ಗ ವಿಭಾಗದ ವ್ಯಾಖ್ಯೆಯ ಪ್ರಕಾರ ಚೌಕಟ್ಟಿನೊಳಗಿನ ಯಾವುದನ್ನೂ ಸೇರಿಸುವಂತಿಲ್ಲ, ಸ್ಥಳಾಂತರಿಸುವಂತಿಲ್ಲ, ಕತ್ತರಿಸುವುದರ ಹೊರತು ಬೇರೆ ರೀತಿಯಲ್ಲಿ ತೆಗೆಯುವಂತಿಲ್ಲ. ಸೆನ್ಸರಿನ ಧೂಳಿನ ಚುಕ್ಕೆ ಮತ್ತು ನಾಯ್ಸ್ (ಚಿತ್ರದ ಮೇಲಿನ ಕಾಳುಕಾಳು) ತೆಗೆಯುವುದಕ್ಕೆ ಅನುಮತಿಯಿದೆ. ಹಾಗಿರುವಾಗ ನಿಸರ್ಗ ಛಾಯಾಗ್ರಾಹಕರಿಗೆ ಒಂದು ಒಳ್ಳೆಯ ರಾ ತಂತ್ರಾಂಶವೇ ಸಾಕು. ಗಿಂಪ್ ಅಥವಾ ಫೋಟೊಶಾಪ್‌ನ ಅಗತ್ಯ ನಿಜವಾಗಿ ಬೀಳುವುದು ಹಲವು ಚಿತ್ರಗಳನ್ನು ಕೂಡಿಸುವವರಿಗೆ, ಅಕ್ಷರ ಸೇರಿಸುವವರಿಗೆ, ಹಳೆಯ ಹರಿದ ಫೋಟೊಗಳನ್ನು ಸರಿಪಡಿಸುವವರಿಗೆ.

ಹೊರತೆಗೆಯುವುದು ಮತ್ತು ಕಾಪಿಡುವುದು

ಜಾಲತಾಣಕ್ಕೆ ಹಾಕುವ ಚಿತ್ರವನ್ನು ಎಸ್ಆರ್‌ಜಿಬಿ ಬಣ್ಣದ ವ್ಯಾಪ್ತಿಯಲ್ಲಿಯೇ ಹೊರತೆಗೆಯಬೇಕು, ಶಾರ್ಪನಿಂಗನ್ನು ಅಳತೆ ಕುಗ್ಗಿಸಿದ ಮೇಲೆ ಮಾಡಬೇಕು. ಮುದ್ರಣಕ್ಕೆ ಲೆಕ್ಕ ಬೇರೆ. ಇಂಚಿಗೆ 300 ಪಿಕ್ಸೆಲ್‌ನಂತೆ 12×18 ಇಂಚಿನ ಪ್ರಿಂಟ್‌ಗೆ 3600×5400 ಪಿಕ್ಸೆಲ್‌ಗಳು ಬೇಕು. 6000×4000 ಪಿಕ್ಸೆಲ್‌ನ ಕ್ಯಾಮೆರಾದಲ್ಲಿ ತೆಗೆದು, ಹಕ್ಕಿ ದೊಡ್ಡದಾಗಿ ಕಾಣಲೆಂದು ಉದ್ದಗಲ ಎರಡನ್ನೂ ಅರ್ಧಕ್ಕೆ ಕತ್ತರಿಸಿದರೆ ಉಳಿಯುವುದು 3000×2000, ಅದು 10 ಇಂಚಿನ ಪ್ರಿಂಟ್‌ಗಷ್ಟೇ ಒದಗುತ್ತದೆ. ಪ್ರಿಂಟ್ ಕಪ್ಪಾಗಿ ಬಂತೆಂದು ಲ್ಯಾಬ್‌ನವರನ್ನು ದೂರುವ ಮೊದಲು ಮಾನಿಟರಿನ ಹೊಳಪನ್ನು ತಗ್ಗಿಸಿ ನೋಡುವುದು ಒಳ್ಳೆಯದು.

ಕಾಪಿಡುವಾಗ ರಾ ಕಡತ ಮತ್ತು ಅದರ ಎಕ್ಸ್‌ಎಂಪಿ ಎರಡನ್ನೂ ಒಂದೇ ಫೋಲ್ಡರಿನಲ್ಲಿಟ್ಟು, ಆ ಫೋಲ್ಡರಿನ ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿ ಇಡಬೇಕು. ತೀರಾ ಮೆಚ್ಚಿನ ಚಿತ್ರಗಳನ್ನು ತಿದ್ದಿದ ರೂಪದಲ್ಲಿಯೇ 16 ಬಿಟ್‌ನ ಟಿಫ್ ಕಡತವಾಗಿಯೂ ಉಳಿಸಿದರೆ, ತಿದ್ದಿದ ತಂತ್ರಾಂಶ ಮುಂದೆ ಇಲ್ಲವಾದರೂ ಬೇರೆಯದರಲ್ಲಿ ತೆರೆಯಲು ಅಡ್ಡಿಯಿರುವುದಿಲ್ಲ. ಸಂಕುಚಿಸದ ಅಂಥ ಒಂದು ಕಡತ 2.4 ಕೋಟಿ ಪಿಕ್ಸೆಲ್‌ಗೆ ಸುಮಾರು 144 ಎಂಬಿ ಆಗುವುದರಿಂದ ಇದನ್ನು ಎಲ್ಲ ಚಿತ್ರಗಳಿಗೂ ಮಾಡಹೋಗಬಾರದು.