ರೋಟರಿ ಮೀಟಿಂಗ್‌ನಲ್ಲಿ ಊಟ, ಫೋಟೊ ಬಿಟ್ಟು ಇನ್ನೇನು ನಡೆಯುತ್ತದೆ?

ಪ್ರಶ್ನೆ: ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನನ್ನದೊಂದು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇದೆ. ಪರಿಚಯದವರೊಬ್ಬರು ರೋಟರಿ ಕ್ಲಬ್‌ಗೆ ಬನ್ನಿ ಅಂತ ಕರೆಯುತ್ತಿದ್ದಾರೆ. ಪೇಪರ್‌ನಲ್ಲಿ ನೋಡಿದರೆ ಬರೀ ಶಾಲು, ಹಾರ, ಫೋಟೊ. ಇವರ ಮೀಟಿಂಗ್‌ನಲ್ಲಿ ನಿಜವಾಗಿ ಏನು ನಡೆಯುತ್ತದೆ? ಊರಿಗೆ ಏನು ಉಪಯೋಗ? ನನ್ನಂಥ ಸಣ್ಣ ವ್ಯಾಪಾರಿ ಸೇರಬಹುದಾ?

ಉತ್ತರ: ಸೇರಬಹುದು. ಆದರೆ ಮೊದಲು ಆ ಫೋಟೊಗಳ ವಿಷಯ ಹೇಳಿಬಿಡುತ್ತೇನೆ.

ರೋಟರಿ, ಅದರಂಥದೇ ಇನ್ನೊಂದು ಸೇವಾ ಕ್ಲಬ್ ಆದ ಲಯನ್ಸ್, ಎರಡಕ್ಕೂ ಹೊಸ ವರ್ಷ ಜುಲೈ 1ಕ್ಕೆ. ಹಳೆ ಅಧ್ಯಕ್ಷರು ಇಳಿದು ಹೊಸಬರು ಬರುತ್ತಾರೆ. ಅದೇ ದಿನ ವೈದ್ಯರ ದಿನ, ಚಾರ್ಟರ್ಡ್ ಅಕೌಂಟೆಂಟ್‌ಗಳ ದಿನ. ಮಳೆಗಾಲ ಹಿಡಿದಿರುತ್ತದೆ, ಶಾಲೆಗಳು ಶುರುವಾಗಿರುತ್ತವೆ. ಹೀಗಾಗಿ ಪದಗ್ರಹಣ, ಡಾಕ್ಟರಿಗೆ ಸನ್ಮಾನ, ಸಸಿ ನೆಡುವುದು, ನೋಟ್‌ಬುಕ್ ಹಂಚುವುದು ಎಲ್ಲ ಒಂದೇ ತಿಂಗಳಲ್ಲಿ ಬಂದು ಬೀಳುತ್ತವೆ. ಪೇಪರ್‌ನ ಜಿಲ್ಲಾ ಪುಟ ತುಂಬುವುದು ಆವಾಗಲೇ. ಜುಲೈ ನೋಡಿ ಕ್ಲಬ್ಬಿನ ಬಗ್ಗೆ ತೀರ್ಮಾನ ಮಾಡಬೇಡಿ. ಒಳ್ಳೆಯದು ಅಂತಲೂ ಬೇಡ, ಕೆಟ್ಟದ್ದು ಅಂತಲೂ ಬೇಡ. ಫೆಬ್ರುವರಿಯಲ್ಲಿ ಒಂದು ಮಾಮೂಲಿ ವಾರದ ಮೀಟಿಂಗ್‌ಗೆ ಅತಿಥಿಯಾಗಿ ಹೋಗಿ ಕೂತು ನೋಡಿ.

ಅಲ್ಲಿ ಕಾಣುವುದು ಇಷ್ಟು. ಅಧ್ಯಕ್ಷರು ಕೊರಳಿಗೆ ಕಾಲರ್ ಎಂಬ ಪದವಿಯ ಹಾರ ಹಾಕಿಕೊಂಡು, ಪುಟ್ಟ ಸುತ್ತಿಗೆಯಿಂದ ಗಂಟೆ ಹೊಡೆದು ಸಭೆ ಶುರು ಮಾಡುತ್ತಾರೆ. ಪ್ರಾರ್ಥನೆ ಆಗುತ್ತದೆ. ಕಾರ್ಯದರ್ಶಿ ಕಳೆದ ವಾರದ ಕೆಲಸ, ಮುಂದಿನ ವಾರದ ಕಾರ್ಯಕ್ರಮ ಹೇಳುತ್ತಾರೆ. ಆ ವಾರ ಯಾರ ಹುಟ್ಟುಹಬ್ಬ, ಯಾರ ಮದುವೆ ವಾರ್ಷಿಕೋತ್ಸವ ಅಂತ ಓದಿ ಚಪ್ಪಾಳೆ ತಟ್ಟುತ್ತಾರೆ. ಬೇರೆ ಊರಿನ ರೋಟರಿಯವರು ಬಂದಿದ್ದರೆ ಪರಸ್ಪರ ಕ್ಲಬ್ಬಿನ ಬಾವುಟ ಕೊಟ್ಟು ತೆಗೆದುಕೊಳ್ಳುತ್ತಾರೆ. ಆಮೇಲೆ ಒಬ್ಬರ ಭಾಷಣ. ಒಂದು ವಾರ ಹೃದ್ರೋಗದ ಡಾಕ್ಟರು, ಇನ್ನೊಂದು ವಾರ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಯಾರೋ ವಿಜ್ಞಾನಿ, ಮತ್ತೊಂದು ವಾರ ಜಿಎಸ್‌ಟಿ ಬಗ್ಗೆ ಹೇಳುವವರು. ವಂದನಾರ್ಪಣೆ, ರಾಷ್ಟ್ರಗೀತೆ, ಮತ್ತೆ ಗಂಟೆ, ಊಟ. ನಿಜ ಹೇಳಬೇಕೆಂದರೆ ಇದರಲ್ಲಿ ಅರ್ಧ ಬೋರಾಗುತ್ತದೆ.

ಒಂದು ಭಾಗ ಮಾತ್ರ ಅಂಗಡಿಯವರಾದ ನಿಮಗೆ ಹತ್ತಿರದ್ದು. ಎಷ್ಟೋ ಕ್ಲಬ್‌ಗಳಲ್ಲಿ ಎಲ್ಲರೂ ಎದ್ದು ನಿಂತು ನಾಲ್ಕು ಪ್ರಶ್ನೆ ಹೇಳುತ್ತಾರೆ: ಇದು ಸತ್ಯವೇ? ಸಂಬಂಧಪಟ್ಟ ಎಲ್ಲರಿಗೂ ನ್ಯಾಯವೇ? ಇದರಿಂದ ವಿಶ್ವಾಸ, ಗೆಳೆತನ ಬೆಳೆಯುತ್ತದೆಯೇ? ಎಲ್ಲರಿಗೂ ಹಿತವೇ? 1932ರಲ್ಲಿ ಹರ್ಬರ್ಟ್ ಟೇಲರ್ ಎಂಬ ಷಿಕಾಗೋ ವ್ಯಾಪಾರಿ ಇದನ್ನು ಬರೆದದ್ದು ಸಮಾಜಸೇವೆಗಾಗಿ ಅಲ್ಲ. ಮುಳುಗುತ್ತಿದ್ದ ಒಂದು ಅಲ್ಯೂಮಿನಿಯಂ ಪಾತ್ರೆ ಕಂಪನಿಯನ್ನು ಎತ್ತುವ ಜವಾಬ್ದಾರಿ ಅವರ ಮೇಲಿತ್ತು. ಗಿರಾಕಿಗೆ ಏನು ಹೇಳಬೇಕು, ಜಾಹೀರಾತಿನಲ್ಲಿ ಏನು ಬರೆಯಬೇಕು ಎಂದು ತಮ್ಮ ಕೆಲಸಗಾರರಿಗಾಗಿ ಮಾಡಿದ ನಿಯಮ ಅದು. ರೋಟರಿ ಅದನ್ನು ಆಮೇಲೆ ತನ್ನದಾಗಿ ಮಾಡಿಕೊಂಡಿತು.

ಮೂಲದಲ್ಲಿ ರೋಟರಿಯೇ ವ್ಯಾಪಾರಿಗಳ ಕೂಟ. 1905ರ ಫೆಬ್ರುವರಿ 23ರಂದು ಷಿಕಾಗೋದಲ್ಲಿ ವಕೀಲ ಪಾಲ್ ಹ್ಯಾರಿಸ್ ಕರೆದ ಮೊದಲ ಸಭೆಗೆ ಬಂದವರು ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಎಂಜಿನಿಯರ್, ಒಬ್ಬ ದರ್ಜಿ. ಪರಿಚಯ ಬೆಳೆಯಲಿ, ಒಬ್ಬರಿಗೊಬ್ಬರ ವ್ಯಾಪಾರಕ್ಕೆ ಅನುಕೂಲ ಆಗಲಿ ಅನ್ನುವುದಷ್ಟೇ ಆಗ ಇದ್ದದ್ದು. ಊರಿನ ಕೆಲಸ ಅಂತ ಮೊದಲು ಕೈಹಾಕಿದ್ದು ಎರಡು ವರ್ಷದ ನಂತರ, ಷಿಕಾಗೋದಲ್ಲಿ ಸಾರ್ವಜನಿಕ ಶೌಚಾಲಯ ಕಟ್ಟಿಸಲು. ಅದೇ 1905ರಲ್ಲಿ ನಮ್ಮ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಶುರು ಮಾಡಿದ್ದರು ಎಂಬುದನ್ನು ಇಲ್ಲಿ ನೆನಪಿಸುವ ಆಸೆ ತಡೆಯಲಾಗುತ್ತಿಲ್ಲ. ಕೂಡಿ ಕೆಲಸ ಮಾಡುವುದನ್ನು ನಮ್ಮ ಕಡೆಯವರಿಗೆ ಷಿಕಾಗೋದಿಂದ ಬಂದು ಯಾರೂ ಕಲಿಸಬೇಕಾಗಿರಲಿಲ್ಲ. ಇರಲಿ. ಭಾರತಕ್ಕೆ ರೋಟರಿ ಬಂದದ್ದು 1919ರಲ್ಲಿ, ಕಲ್ಕತ್ತಾಕ್ಕೆ. ಇವತ್ತು ಹುಬ್ಬಳ್ಳಿ-ಧಾರವಾಡದ ಕ್ಲಬ್‌ಗಳು 3170 ಎಂಬ ರೋಟರಿ ಜಿಲ್ಲೆಗೆ ಸೇರಿವೆ. ಇದು ಸರ್ಕಾರಿ ಜಿಲ್ಲೆಯಲ್ಲ, ಕ್ಲಬ್‌ಗಳ ಒಂದು ಗುಂಪು. ಬೆಳಗಾವಿ, ಗೋವಾ, ಕೊಲ್ಹಾಪುರ ಕಡೆಯ ಕ್ಲಬ್‌ಗಳೂ ಅದರಲ್ಲೇ ಇವೆ.

ಈಗ ಊಟದ ಪ್ರಶ್ನೆಗೆ ಬರೋಣ. ಖರ್ಚಿನ ತೀರ್ಮಾನ ಆಗುವುದು ತಿಂಗಳ ಬೋರ್ಡ್ ಮೀಟಿಂಗ್‌ನಲ್ಲಿ. ಆದರೆ ನಾನು ಕಂಡ ಹಾಗೆ ಕೆಲಸ ಹುಟ್ಟುವುದು ತಟ್ಟೆ ಹಿಡಿದುಕೊಂಡು ನಿಂತಾಗ. ಕ್ಲಬ್ಬಿನಲ್ಲಿ ಒಂದೇ ಉದ್ಯೋಗದವರು ತುಂಬಿಕೊಳ್ಳಬಾರದು ಎಂಬುದು ರೋಟರಿಯ ಹಳೆಯ ಪದ್ಧತಿ. ಹಾಗಾಗಿ ಕಾಲೇಜಿನ ಮೇಷ್ಟ್ರು, ಸಿಮೆಂಟ್ ಡೀಲರ್, ಸಿವಿಲ್ ಎಂಜಿನಿಯರ್, ದಂತವೈದ್ಯೆ ಒಂದೇ ಟೇಬಲ್ಲಿನಲ್ಲಿ ಇರುತ್ತಾರೆ. ಕುಂದಗೋಳ ಕಡೆಯ ಒಂದು ಶಾಲೆಯಲ್ಲಿ ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿಲ್ಲ ಅಂತ ಮೇಷ್ಟ್ರು ಹೇಳಿದರು ಅಂದುಕೊಳ್ಳಿ. ಎಂಜಿನಿಯರ್ ಹೋಗಿ ನೋಡಿ ಬರುತ್ತಾರೆ. ಟ್ಯಾಂಕು, ಪೈಪು ಅಸಲು ಬೆಲೆಗೆ ಸಿಗುತ್ತದೆ. ಮೋಟರ್, ವೈರಿಂಗ್ ಅಂದಾಗ ನಿಮ್ಮಂಥವರ ಕಡೆ ನೋಡುತ್ತಾರೆ. ಅರ್ಜಿ ಹಿಡಿದು ಕಚೇರಿ ಅಲೆದರೆ ಒಂದು ವರ್ಷ ಹಿಡಿಯುವ ಕೆಲಸ ಇದು. ವಾರ ವಾರ ಮುಖ ನೋಡುವವರಿಗೆ ಇಲ್ಲ ಅನ್ನುವುದು ಕಷ್ಟ ಅಲ್ವಾ? ಹಾಜರಾತಿಗೆ ಇವರು ಅಷ್ಟು ಒತ್ತು ಕೊಡುತ್ತಿದ್ದದ್ದು ಅದಕ್ಕೇ. ಸ್ವಂತ ಕ್ಲಬ್ಬಿನ ಮೀಟಿಂಗ್ ತಪ್ಪಿದರೆ ಬೇರೆ ಊರಿನ ಕ್ಲಬ್ಬಿಗೆ ಹೋಗಿ ಹಾಜರಿ ತುಂಬಿಕೊಳ್ಳುವ ರೂಢಿಯೂ ಇದೆ. 2016ರಿಂದ ನಿಯಮ ಸಡಿಲವಾಗಿದೆ. ತಿಂಗಳಿಗೆ ಎರಡು ಸಭೆ ನಡೆಸಿದರೂ ಸಾಕು.

ಕಣ್ಣಿನ ಶಿಬಿರದ ಮಾತು ಸ್ವಲ್ಪ ಉದ್ದಕ್ಕೆ ಹೇಳಬೇಕು. ನಮ್ಮ ಕಡೆ ಸೇವಾ ಕ್ಲಬ್ ಅಂದರೆ ಹಳ್ಳಿಯವರಿಗೆ ಮೊದಲು ನೆನಪಾಗುವುದು ಇದೇ. ಇದರಲ್ಲಿ ಲಯನ್ಸ್ ಹೆಸರು ದೊಡ್ಡದು. 1925ರಲ್ಲಿ ಕಣ್ಣು ಕಾಣದ, ಕಿವಿ ಕೇಳದ ಲೇಖಕಿ ಹೆಲೆನ್ ಕೆಲ್ಲರ್ ಲಯನ್ಸ್ ಸಮಾವೇಶಕ್ಕೆ ಬಂದು ಕುರುಡುತನದ ವಿರುದ್ಧ ನಿಲ್ಲಿ ಎಂದು ಕೇಳಿದ್ದರು. ಅಂದಿನಿಂದ ಕಣ್ಣು ಅವರ ಮುಖ್ಯ ಕೆಲಸ. ಶಿಬಿರ ಅಂದರೆ ಪೆಂಡಾಲ್ ಹಾಕಿ ಡಾಕ್ಟರನ್ನು ಕೂರಿಸುವುದು ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಕಷ್ಟ ಇರುವುದು ಅದರ ಹಿಂದೆ, ಮುಂದೆ. ತಾರೀಕನ್ನೇ ತೆಗೆದುಕೊಳ್ಳಿ. ಬಿತ್ತನೆ ಹೊತ್ತಿಗೆ ಇಟ್ಟರೆ ಯಾರೂ ಬರುವುದಿಲ್ಲ. ಬ್ಯಾಡಗಿ, ಕುಂದಗೋಳ ಕಡೆ ಮೆಣಸಿನಕಾಯಿ ಬಿಡಿಸುವಾಗ ಇಟ್ಟರೂ ಅಷ್ಟೇ. ಮುದುಕರು ಬರಬೇಕಾದರೆ ಮನೆಯವರೊಬ್ಬರು ಕೂಲಿ ಬಿಟ್ಟು ಜೊತೆಗೆ ಬರಬೇಕು. ಹಳ್ಳಿಯಲ್ಲಿ ತಪಾಸಣೆ ಮಾತ್ರ ಆಗುತ್ತದೆ. ಪೊರೆ ಬಂದವರನ್ನು ಬಸ್ಸಿನಲ್ಲಿ ಹುಬ್ಬಳ್ಳಿಯ ಆಸ್ಪತ್ರೆಗೆ ಕರೆತರಬೇಕು. ಅಲ್ಲಿ ಶುಗರ್, ಬಿಪಿ ಜಾಸ್ತಿ ಅಂತ ಕೆಲವರ ಆಪರೇಷನ್ ನಿಲ್ಲುತ್ತದೆ. ಆಪರೇಷನ್ ಆದವರು ಮರುದಿನ ಪಟ್ಟಿ ಬಿಚ್ಚಿಸಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು ಊರಿಗೆ ಹೋಗುತ್ತಾರೆ. ಫೋಟೊ ತೆಗೆಯುವುದು ಈ ಹೊತ್ತಿಗೆ.

ಆದರೆ ಆಮೇಲೆ ವಾರಗಟ್ಟಲೆ ಹೊತ್ತಿಗೆ ಸರಿಯಾಗಿ ಡ್ರಾಪ್ಸ್ ಹಾಕಬೇಕು. ಮತ್ತೆ ತೋರಿಸಲು ಬರಬೇಕು. ಶುಗರ್ ಅಂತ ವಾಪಸ್ ಹೋದವರನ್ನು ಶುಗರ್ ಇಳಿದ ಮೇಲೆ ಮತ್ತೆ ಕರೆಸಬೇಕು. ಇದನ್ನು ಮಾಡುವ ಕ್ಲಬ್ ಒಳ್ಳೆಯ ಕ್ಲಬ್. ನಿಮ್ಮ ಪರಿಚಯದವರಿಗೆ ಇದೊಂದೇ ಪ್ರಶ್ನೆ ಕೇಳಿ: ಹೋದ ಶಿಬಿರದಲ್ಲಿ ವಾಪಸ್ ಹೋದವರಲ್ಲಿ ಎಷ್ಟು ಮಂದಿ ಮತ್ತೆ ಬಂದರು? ಲೆಕ್ಕ ಇದ್ದರೆ ಕಣ್ಣುಮುಚ್ಚಿ ಸೇರಿ. ಸಸಿಗೂ ಇದೇ ಮಾತು. ಎಷ್ಟೋ ಓಣಿಗಳಲ್ಲಿ ನಳಕ್ಕೆ ದಿನಾ ನೀರು ಬರದ ಊರಿನಲ್ಲಿ, ಜುಲೈನಲ್ಲಿ ನೆಟ್ಟ ಸಸಿಗೆ ಏಪ್ರಿಲ್‌ನಲ್ಲಿ ಟ್ಯಾಂಕರ್ ಯಾರು ಕಳಿಸುತ್ತಾರೆ ಅಂತ ಕೇಳಿ.

ದೊಡ್ಡ ಕೆಲಸಕ್ಕೆ ಉದಾಹರಣೆ ಬೇಕಾದರೆ ಪೋಲಿಯೊ ಇದೆ. 1985ರಲ್ಲಿ ರೋಟರಿ ಪೋಲಿಯೊ ವಿರುದ್ಧ ಜಗತ್ತಿನಾದ್ಯಂತ ಕಾರ್ಯಕ್ರಮ ಶುರು ಮಾಡಿತು. ನಮ್ಮಲ್ಲಿ ಪಲ್ಸ್ ಪೋಲಿಯೊ 1995ರಲ್ಲಿ ಬಂತು. ಹನಿ ಹಾಕಿದ್ದು ಆರೋಗ್ಯ ಇಲಾಖೆ, ಅಂಗನವಾಡಿ, ಆಶಾ ಕಾರ್ಯಕರ್ತೆಯರು. ದುಡ್ಡು, ಪ್ರಚಾರ, ಬೂತ್‌ಗಳಲ್ಲಿ ಕೈಜೋಡಿಸುವುದು ರೋಟರಿಯದು. ದೇಶದಲ್ಲಿ ನೈಸರ್ಗಿಕ ಪೋಲಿಯೊ ವೈರಸ್‌ನ ಕೊನೆಯ ಪ್ರಕರಣ 2011ರ ಜನವರಿ 13ರದ್ದು, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್ 27ರಂದು ಭಾರತ ಪೋಲಿಯೊ ಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ಆ ಯಶಸ್ಸನ್ನು ಕ್ಲಬ್‌ಗಳು ಭಾಷಣದಲ್ಲಿ ಪೂರಾ ತಮ್ಮದೇ ಎಂಬಂತೆ ಹೇಳಿಕೊಳ್ಳುವುದು ನನಗೆ ಹಿಡಿಸುವುದಿಲ್ಲ. ಬಿಸಿಲಲ್ಲಿ ಐಸ್ ಪೆಟ್ಟಿಗೆ ಹೊತ್ತು ಮನೆಮನೆ ತಿರುಗಿದ ಹೆಣ್ಣುಮಕ್ಕಳ ಹೆಸರು ಮೊದಲು ಬರಬೇಕು.

ದುಡ್ಡಿನ ವಿಷಯ. ಸದಸ್ಯರ ಶುಲ್ಕದಲ್ಲಿ ಒಂದು ಪಾಲು ಅಂತರರಾಷ್ಟ್ರೀಯ ಸಂಸ್ಥೆಗೆ ಹೋಗುತ್ತದೆ. ಅದು ಡಾಲರ್ ಲೆಕ್ಕ, ರೂಪಾಯಿ ಬಿದ್ದರೆ ಇವರಿಗೂ ಬಿಸಿ ತಟ್ಟುತ್ತದೆ. ಇನ್ನೊಂದು ಪಾಲು ರೋಟರಿ ಜಿಲ್ಲೆಗೆ. ಉಳಿದದ್ದರಲ್ಲಿ ಹಾಲ್ ಬಾಡಿಗೆ, ಊಟ. ಊರವರಿಂದ ಎತ್ತಿದ ದುಡ್ಡನ್ನು ಊಟಕ್ಕೆ ಮುಟ್ಟಬಾರದು. ಸಾರ್ವಜನಿಕರಿಂದ ಬಂದ ಹಣಕ್ಕೆ ಬೇರೆ ಖಾತೆ ಇಡಬೇಕು ಅನ್ನುವ ನಿಯಮ ಲಯನ್ಸ್‌ನಲ್ಲಿ ಸ್ಪಷ್ಟವಾಗಿದೆ. ಡಯಾಲಿಸಿಸ್ ಯಂತ್ರದಂಥ ದೊಡ್ಡ ಸಾಮಾನು ಹೆಚ್ಚಾಗಿ ರೋಟರಿ ಪ್ರತಿಷ್ಠಾನದ ಗ್ಲೋಬಲ್ ಗ್ರಾಂಟ್ ಎಂಬ ಅನುದಾನದಿಂದ ಬರುತ್ತದೆ. ಅದಕ್ಕೆ ಯೋಜನೆ ಕನಿಷ್ಠ 30,000 ಡಾಲರಿನದಾಗಿರಬೇಕು, ಬೇರೆ ದೇಶದ ಒಂದು ಕ್ಲಬ್ ಜೊತೆಗಿರಬೇಕು.

ಸೇರುವ ದಾರಿ ಸರಳ. ಸಾಮಾನ್ಯವಾಗಿ ಒಬ್ಬ ಸದಸ್ಯರು ನಿಮ್ಮ ಹೆಸರು ಸೂಚಿಸುತ್ತಾರೆ. ನಿಮಗೆ ಆ ಪರಿಚಯದವರು ಇದ್ದಾರಲ್ಲ. ಅಂಗಡಿ ಸಣ್ಣದು ಅನ್ನುವುದು ಅಡ್ಡಿಯಲ್ಲ, ಆದರೆ ವರ್ಷದ ಶುಲ್ಕ ಎಷ್ಟು, ಅದರ ಹೊರಗೆ ಏನೇನು ಕೊಡಬೇಕಾಗುತ್ತದೆ ಅಂತ ಮೊದಲೇ ಬಾಯಿಬಿಟ್ಟು ಕೇಳಿ. ಕ್ಲಬ್ಬಿಂದ ಕ್ಲಬ್ಬಿಗೆ ಇದು ಬಹಳ ಬೇರೆ. ಮನೆಯವರಿಗೆ ಆಸಕ್ತಿ ಇದ್ದರೆ ಅವರೂ ಸದಸ್ಯರಾಗಬಹುದು. ಮಹಿಳೆಯರನ್ನು ಹೊರಗಿಡುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1987ರಲ್ಲಿ ಹೇಳಿದ ಮೇಲೆ, 1989ರಲ್ಲಿ ರೋಟರಿ ಎಲ್ಲ ಕಡೆ ಮಹಿಳೆಯರಿಗೆ ಬಾಗಿಲು ತೆರೆಯಿತು. ಹದಿನೆಂಟು ದಾಟಿದ ಮಕ್ಕಳಿಗೆ ರೋಟರಿಯದೇ ಯುವಜನರ ಕ್ಲಬ್ ರೋಟರಾಕ್ಟ್ ಇದೆ.

ಬಹಳಷ್ಟು ಮಂದಿ ಕೇಳಲು ಸಂಕೋಚಪಡುವ ಇನ್ನೊಂದು ಮಾತಿದೆ: ಇಂಗ್ಲಿಷ್ ಬರಬೇಕಾ? ಕೆಲವು ಕ್ಲಬ್‌ಗಳಲ್ಲಿ ಸಭೆ ಪೂರಾ ಇಂಗ್ಲಿಷ್‌ನಲ್ಲೇ ನಡೆಯುತ್ತದೆ. ಊಟದ ಹೊತ್ತಿಗೆ ಮಾತ್ರ ಎಲ್ಲರೂ "ಏನ್ರೀ ಸರ, ಆರಾಮ್ರೀ?" ಅಂತ ಶುರು ಮಾಡುತ್ತಾರೆ. ಕನ್ನಡದಲ್ಲೇ ನಡೆಸುವ ಕ್ಲಬ್‌ಗಳೂ ಇವೆ. ಹುಬ್ಬಳ್ಳಿ-ಧಾರವಾಡದಲ್ಲಿ ಒಂದಲ್ಲ, ಹಲವು ಕ್ಲಬ್ ಇರುವುದರಿಂದ ಎರಡು ಮೂರು ಕಡೆ ಅತಿಥಿಯಾಗಿ ಹೋಗಿ ನೋಡಲು ಅಡ್ಡಿಯಿಲ್ಲ. ಕೋಟು ಬೇಡ, ಇಸ್ತ್ರಿ ಮಾಡಿದ ಅಂಗಿ ಸಾಕು.